ನೀಲವ್ವನ ಹೊತ್ತು

ನಮ್ಮೂರಿನ ಪೂಜಾರಿ ಕಲ್ಲಯ್ಯ ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು ಮೊದಲು ಬೀಡಿಯ ಹಾಡು ಹಾಡುತ್ತಾನೆ. ‘ಸೇದು ತಮ್ಮಾ ಸೇದು, ಸುರುಳಿ ಸುರುಳಿ ಹೊಗಿ’ ಎಂದು ಎರಡು ನುಡಿ ಮುಗಿಸಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಮಂಗಳಾರತಿ ಪದಕ್ಕೆ ಬರುತ್ತಾನೆ. ಐದು ವರ್ಷದವನಿದ್ದಾಗ ಸಂತೆಯಲ್ಲಿ ಬೀಡಿ ಮಾರುವವರ ಗಾಡಿಯ ಹಿಂದೆ ಓಡುತ್ತಾ ಅದನ್ನು ಹಾಡಿಬಿಟ್ಟಿದ್ದ. ನಮ್ಮೂರಿನಲ್ಲಿ ಒಬ್ಬರು ನಾಲ್ಕು ಜನರ ಎದುರು ಮೊದಲ ಸಲ ಯಾವ ಹಾಡು ಹಾಡುತ್ತಾರೋ ಅದೇ ಅವರ ಬಾಗಿಲಹಾಡು. ಸಾಯುವ ತನಕ ಅದನ್ನು ದಾಟದೆ ಇನ್ನೊಂದು ಹಾಡು ಗಂಟಲಿನಿಂದ ಹೊರಗೆ ಬರುವುದಿಲ್ಲ. ಕಲ್ಲಯ್ಯನ ಬೀಡಿ ದೇವರಿಗೂ ರೂಢಿಯಾಗಿದೆ, ನಮಗೂ ರೂಢಿಯಾಗಿದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು ಮಾತ್ರ ಮೊದಲ ವಾರ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ.

ಆದ್ದರಿಂದ ತಿಳಿದ ಮನೆಯವರು ಮಕ್ಕಳ ಬಾಯಿ ಕಾಯುತ್ತಾರೆ. ಮಗು ಬೀದಿಯಲ್ಲಿ ರಾಗ ಎಳೆಯಲು ಶುರುಮಾಡಿದರೆ ಸಾಕು, ಬೆಲ್ಲದ ಚೂರೊಂದನ್ನು ಬಾಯಿಗೆ ತುರುಕುತ್ತಾರೆ. ಒಳ್ಳೆಯ ದಿನ ನೋಡಿ, ನಾಲ್ಕು ಹಿರಿಯರನ್ನು ಜಗುಲಿಯ ಮೇಲೆ ಕೂಡಿಸಿ, ಗಣಪನ ಮೇಲಿನ ಪದವೊಂದನ್ನು ಹಾಡಿಸಿ, ಎಲ್ಲರಿಗೂ ಚುರುಮುರಿ ಹಂಚುತ್ತಾರೆ. ಅಲ್ಲಿಗೆ ಮಗುವಿನ ಬಾಗಿಲು ಭದ್ರ. ಬಡವರ ಮನೆಯಲ್ಲಿ ಯಾರಿಗೆ ಅಷ್ಟು ಪುರಸೊತ್ತು? ಯಾವುದು ಬಾಯಿಗೆ ಬಂತೋ ಅದೇ ಹಣೆಬರಹ.

ಬಾಗಿಲಹಾಡು ಕಳಚುವುದಕ್ಕೆ ಒಂದೇ ದಾರಿ. ಆ ಹಾಡಿನಿಂದ ಯಾರಿಗೆ ನೋವಾಗಿದೆಯೋ ಅವರು ಹಾಡುವವನ ಎದುರು ಕೂತು, ಮೊದಲಿನಿಂದ ಕೊನೆಯವರೆಗೆ ಕೇಳಿ, ‘ಕೇಳೀನಿ, ಹೋಗು’ ಅನ್ನಬೇಕು. ಹಾಗೆ ಹಾಡು ಕಟ್ಟಿದವನಿಂದಲೇ ಕಳಚಿಬಿದ್ದರೆ, ಯಾರಿಂದಲಾದರೂ ಕೇಳಿ ಅದನ್ನೇ ಬಾಗಿಲು ಮಾಡಿಕೊಂಡವರೆಲ್ಲರಿಂದಲೂ ಕಳಚಿಬೀಳುತ್ತದೆ. ಕಲ್ಲಯ್ಯನಿಗೆ ಈ ಜನ್ಮದಲ್ಲಿ ಬಿಡುಗಡೆ ಇಲ್ಲ. ಬೀಡಿಗೆ ನೋವಾಗಿದೆ ಎಂದು ಯಾರು ಬಂದು ಹೇಳಬೇಕು?

ಗವಾಯಿ ರಾಚಪ್ಪನ ಬಾಗಿಲಹಾಡು ನನ್ನ ಅವ್ವನ ಮೇಲೆ ಕಟ್ಟಿದ್ದು.

ರಾಚಪ್ಪನನ್ನು ಹೊಗಳುವುದು ಇದ್ದರೆ ನಮ್ಮೂರಿನ ಬೇರೆ ಯಾರನ್ನಾದರೂ ಕೇಳಿ, ಊಟ ಬಿಟ್ಟು ಹೊಗಳುತ್ತಾರೆ. ಅವನು ಕಟ್ಟಿದ ಹಾಡುಗಳಿಲ್ಲದೆ ನಮ್ಮಲ್ಲಿ ಮದುವೆ ಇಲ್ಲ, ಹೆಣ ಏಳುವುದಿಲ್ಲ, ತೊಟ್ಟಿಲು ತೂಗುವುದಿಲ್ಲ. ಹೆರಿಗೆಯ ನೋವು ತಿನ್ನುವ ಹೆಂಗಸು ಅವನ ‘ತಡಿಯವ್ವ ತಡಿ’ ಪದ ಕೇಳಿದರೆ ನೋವು ಅರ್ಧವಾಗುತ್ತದೆ ಅನ್ನುತ್ತಾರೆ. ನಾನೂ ಹಾಗೆ ಅರ್ಧವಾಗಿಸಿಕೊಂಡವಳೇ. ಸುಳ್ಳು ಯಾಕೆ ಹೇಳಲಿ. ಅವನು ಕುಡಿತ ಬಿಟ್ಟು ನಲವತ್ತು ವರ್ಷವಾಯಿತು. ಮನೆಯಲ್ಲಿ ಅನಾಥ ಹುಡುಗಿಯರನ್ನು ಇಟ್ಟುಕೊಂಡು ಕಲಿಸುತ್ತಾನೆ. ನಡೆಯುವಾಗ ಇರುವೆ ಸಾಲು ಕಂಡರೆ ದಾಟಿ ಹೋಗುತ್ತಾನೆ. ಇದೆಲ್ಲ ನಿಜ. ಇದೆಲ್ಲ ನಿಜವಾಗಿರುವುದೇ ನನ್ನ ಹೊಟ್ಟೆಯುರಿ.

ಐವತ್ತು ವರ್ಷದ ಕೆಳಗೆ ಅವನು ಬ್ಯಾಂಡಿನವರ ಜೊತೆ ತಾಳ ಬಡಿಯುತ್ತಿದ್ದ ಇಪ್ಪತ್ತರ ಹುಡುಗ. ಆ ವಯಸ್ಸಿನವರೆಗೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವನಲ್ಲ. ಗೌಡರ ಮನೆಯ ಮದುವೆಯ ಮೆರವಣಿಗೆಯಲ್ಲಿ ಹಾಡುವವನಿಗೆ ವಾಂತಿಭೇದಿಯಾಯಿತು. ಕುಡಿದ ಗೆಳೆಯರು ಇವನನ್ನು ಮುಂದಕ್ಕೆ ನೂಕಿದರು. ಏನು ಹಾಡುವುದು ತೋಚಲಿಲ್ಲ. ಎದುರಿಗೆ ನಮ್ಮ ಅವ್ವ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು, ಎರಡು ವರ್ಷದ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮೆರವಣಿಗೆ ನೋಡುತ್ತಾ ನಿಂತಿದ್ದಳು. ಅವ್ವನಿಗೆ ಆಗ ಮುಖಕ್ಕೂ ಕೈಗೂ ತೊನ್ನು ಹತ್ತಿ ವರ್ಷವಾಗಿತ್ತು. ರಾಚಪ್ಪ ಕೈಯೆತ್ತಿ ಆಕೆಯನ್ನು ತೋರಿಸಿ, ನಿಂತ ಕಾಲಲ್ಲಿ ಕಟ್ಟಿ ಹಾಡಿದ:

‘ಅರ್ಧ ಗ್ವಾಡಿ ಸುಣ್ಣ ಬಳದು ಅರ್ಧ ಉಳದೈತಿ, ಬಳಿಗಾರಕಿ ಬಂದಾಳ ನೋಡ ಬಣ್ಣ ಕರಗೈತಿ. ಕೈಯ ನೀಡಬ್ಯಾಡ ತಂಗಿ ಕೈಯ ನೀಡಬ್ಯಾಡ, ಹಸರ ಬಳಿ ಏರೂದ್ರಾಗ ತೊಗಲ ಸುಲದೀತ ನೋಡ.’

ಇನ್ನೂ ಮೂರು ನುಡಿ ಇವೆ. ಅವನ್ನು ನಾನು ಬರೆಯುವುದಿಲ್ಲ. ಜನ ಬಿದ್ದು ಬಿದ್ದು ನಕ್ಕರಂತೆ. ಮದುಮಗ ಕುದುರೆಯ ಮೇಲೆ ಕೂತೇ ಇನ್ನೊಮ್ಮೆ ಎಂದನಂತೆ. ನಮ್ಮಪ್ಪ ಆ ಮೆರವಣಿಗೆಯಲ್ಲಿ ದೀವಟಿಗೆಯವರ ಜೊತೆ ಇದ್ದ. ಅವನು ನಕ್ಕನೋ ಇಲ್ಲವೋ ಅವ್ವ ಯಾವತ್ತೂ ಹೇಳಲಿಲ್ಲ.

ಮಾರನೆಯ ದಿನದಿಂದ ಯಾವ ಹೆಣ್ಣೂ ಅವ್ವನಿಗೆ ಕೈ ನೀಡಲಿಲ್ಲ. ಬಳೆ ತೊಡಿಸುವವಳ ಕೆಲಸವೆಂದರೆ ಕೈ ಹಿಡಿಯುವುದು. ಬೆರಳು ಐದನ್ನೂ ಕೂಡಿಸಿ, ಹೆಬ್ಬೆರಳಿನ ಬುಡ ಮೆತ್ತಗೆ ಒತ್ತಿ, ನೋಯದ ಹಾಗೆ, ಒಡೆಯದ ಹಾಗೆ ಏರಿಸಬೇಕು. ‘ನೀಲವ್ವನ ಕೈಯಾಗ ಎಲುಬ ಇಲ್ಲ’ ಎಂದು ಹೊಗಳುತ್ತಿದ್ದ ಹೆಂಗಸರೇ, ಆಕೆ ಬಂದರೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳತೊಡಗಿದರು. ವರ್ಷ ಕಳೆಯುವುದರೊಳಗೆ ಅಪ್ಪ ಹೊಸ ಸರಕು ತರುತ್ತೇನೆಂದು ಹೋದವನು ಸರಕನ್ನೂ ತರಲಿಲ್ಲ, ತಾನೂ ಬರಲಿಲ್ಲ. ಅವ್ವ ಹಳೇ ಸೀರೆಗಳ ಕೌದಿ ಹೊಲಿಯಲು ಕೂತಳು. ಆಕೆ ಹೊಲಿದ ಕೌದಿ ಹೊದ್ದು ಮಲಗುವುದಕ್ಕೆ ಊರಿನಲ್ಲಿ ಯಾರಿಗೂ ಅಂಜಿಕೆ ಇರಲಿಲ್ಲ. ನಮ್ಮೂರ ಜನಕ್ಕೆ ಯಾವುದರಿಂದ ರೋಗ ಹತ್ತುತ್ತದೆ, ಯಾವುದರಿಂದ ಹತ್ತುವುದಿಲ್ಲ ಎಂಬುದು ಅವರ ಅನುಕೂಲದ ಮೇಲೆ ಇರುತ್ತದೆ.

ರಾಚಪ್ಪ ಮುಂದೆ ದೊಡ್ಡವನಾದ. ಆದರೆ ದೊಡ್ಡ ಹಾಡು ಹಾಡಬೇಕಾದರೂ ಆ ಹಾಡನ್ನು ಮೊದಲು ಹಾಡಲೇಬೇಕಲ್ಲ. ಊರು ಅದಕ್ಕೂ ಒಗ್ಗಿಕೊಂಡಿತು. ಅವನು ಅದನ್ನು ಬಾಯಲ್ಲೇ ಗೊಣಗುವುದನ್ನು ಕಲಿತ. ತಬಲಾ ಇಮಾಮಸಾಬ ಅಷ್ಟು ಹೊತ್ತು ಬಿಡದೆ ಬಡಿದು ಶಬ್ದ ಮುಚ್ಚುವುದನ್ನು ಕಲಿತ. ಗಂಡಸರು ಹೊರಗೆ ಹೋಗಿ ಚಹಾ ಕುಡಿಯುತ್ತಾರೆ, ಹೆಂಗಸರು ಎಲೆಯಡಿಕೆಯ ಚೀಲ ಬಿಚ್ಚುತ್ತಾರೆ. ಆ ಹೊತ್ತಿಗೆ ಒಂದು ಹೆಸರೂ ಬಂತು: ನೀಲವ್ವನ ಹೊತ್ತು. ‘ನೀಲವ್ವ ಮುಗದಳೇನು?’ ಎಂದು ಚಪ್ಪಲಿ ಬಿಡುತ್ತಾ ಕೇಳಿ ಒಳಗೆ ಬರುತ್ತಾರೆ. ಆಮೇಲಾಮೇಲೆ ಅಡುಗೆಮನೆಗೂ ಆ ಮಾತು ಹೊಕ್ಕಿತು. ‘ಇನ್ನೊಂದು ನೀಲವ್ವ ತಡಿ, ಬ್ಯಾಳಿ ಕುದೀಲಿ’ ಎಂದು ಅತ್ತೆ ಸೊಸೆಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಅದರಲ್ಲಿ ಅವರಿಗೆ ಕೆಟ್ಟದ್ದೇನೂ ಇರಲಿಲ್ಲ. ಅದು ಒಬ್ಬ ಜೀವಂತ ಹೆಂಗಸಿನ ಹೆಸರು, ಆಕೆ ಎರಡು ಓಣಿ ಆಚೆ ಕೂತು ಕೌದಿ ಹೊಲಿಯುತ್ತಿದ್ದಾಳೆ ಎನ್ನುವುದೇ ಮರೆತುಹೋಗಿತ್ತು.

ಅವ್ವ ಮದುವೆಗೆ ಹೋಗುವುದನ್ನು ಬಿಟ್ಟಳು, ತೊಟ್ಟಿಲಿಗೆ ಹೋಗುವುದನ್ನು ಬಿಟ್ಟಳು. ಕರೆದರೆ ತಾನೆ ಹೋಗುವ ಮಾತು. ದೂರದಿಂದ ರಾಚಪ್ಪನ ಹಾರ್ಮೋನಿಯಂ ಪೇಟಿಯ ದನಿ ಬಂದರೆ ಹತ್ತಿಯನ್ನು ಔಡಲೆಣ್ಣೆಯಲ್ಲಿ ಅದ್ದಿ ಕಿವಿಗೆ ತುಂಬಿಕೊಂಡು, ಕದ ಹಾಕಿ, ಸೂಜಿ ಹಿಡಿದು ಕೂರುತ್ತಿದ್ದಳು. ಐವತ್ತು ವರ್ಷದಲ್ಲಿ ಅವನ ಎರಡನೆಯ ಹಾಡು ಆಕೆಯ ಕಿವಿಗೆ ಬಿದ್ದಿಲ್ಲ.

ಇನ್ನು ನನ್ನ ಮಾತು. ಒಂದನೆಯ ಇಯತ್ತೆಯಲ್ಲಿ ಮಾಸ್ತರರು ಒಂದು ದಿನ ಯಾರಿಗೆ ಹಾಡು ಬರುತ್ತದೆ ಎಂದರು. ನಾನು ಕೈಯೆತ್ತಿದೆ. ಓಣಿಯ ಹುಡುಗರು ಹಾಡುತ್ತಿದ್ದ ಒಂದು ಪದ ನನಗೆ ಪೂರ್ತಿ ಬರುತ್ತಿತ್ತು. ಅದರಲ್ಲಿ ಬಳೆಗಾರತಿ ಬರುತ್ತಿದ್ದಳು, ನಮ್ಮವ್ವ ಬಳೆಗಾರತಿ, ಆದ್ದರಿಂದ ಅದು ನಮ್ಮ ಹಾಡು ಎಂದು ನನಗೆ ಹೆಮ್ಮೆ. ಅವ್ವನ ಮುಖ ಎರಡು ಬಣ್ಣದ್ದು ಎಂದು ನನಗೆ ಆಗ ಗೊತ್ತೇ ಇರಲಿಲ್ಲ. ಅದು ಅವ್ವನ ಮುಖ, ಅಷ್ಟೇ. ಅಂಗಳದಲ್ಲಿ ನಿಂತು, ಕೈ ಬೀಸಿ, ನಾಲ್ಕೂ ನುಡಿ ಹಾಡಿದೆ. ಎಲ್ಲರೂ ನಕ್ಕರು. ನನಗೆ ಖುಷಿಯಾಗಿ ಇನ್ನೂ ಜೋರಾಗಿ ಹಾಡಿದೆ.

ಅರ್ಥ ತಿಳಿದದ್ದು ಎಂಟೊಂಬತ್ತು ವರ್ಷಕ್ಕೆ. ಆ ದಿನದಿಂದ ನಾನು ಬಾಯಿ ಮುಚ್ಚಿದೆ. ಅವ್ವನಿಗೆ ಹೇಳಲಿಲ್ಲ. ನನ್ನ ಬಾಗಿಲಹಾಡು ಕಳಚಬೇಕಾದರೆ ಅವ್ವನ ಎದುರು ಕೂತು, ಆಕೆಯ ಮುಖ ನೋಡುತ್ತಾ, ಆಕೆಯ ಮುಖದ ಮೇಲಿನ ಆ ಹಾಡು ಹಾಡಬೇಕು. ಯಾವ ಮಗಳು ಹಾಡುತ್ತಾಳೆ? ನನ್ನ ಮಗಳು ಕಸ್ತೂರಿ ಹುಟ್ಟಿದಾಗ ತೊಟ್ಟಿಲು ತೂಗುತ್ತಾ ಒಂದು, ಎರಡು, ಮೂರು ಎಂದು ನೂರರವರೆಗೆ ಎಣಿಸುತ್ತಿದ್ದೆ. ಕೂಸು ಎಪ್ಪತ್ತಕ್ಕೆಲ್ಲ ಮಲಗುತ್ತಿತ್ತು. ಶಾಲೆಗೆ ಹೋಗುವ ಮೊದಲೇ ಅದಕ್ಕೆ ಮಗ್ಗಿ ಬಂತು ಎಂದು ಜನ ಮೆಚ್ಚಿಕೊಂಡರು. ಗಂಡ ತೀರಿದ ಮೇಲೆ ನಾನು ಅವ್ವನ ಮನೆಗೇ ಬಂದು ಆಕೆಯ ಜೊತೆ ಕೌದಿಗೆ ಕೂತೆ. ಈಗ ಕಸ್ತೂರಿ ಏಳು ತಿಂಗಳ ಬಸುರಿ. ಹೆರಿಗೆಗೆ ನಮ್ಮಲ್ಲಿಗೇ ಬರುತ್ತಾಳೆ, ಇನ್ನೆರಡು ತಿಂಗಳಿಗೆ ಮನೆಗೆ ತೊಟ್ಟಿಲು ಬರುತ್ತದೆ. ಈ ಸಲ ಎಣಿಸಲಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಅಂಥ ಹೊತ್ತಿನಲ್ಲಿ ಪರಸಪ್ಪ ಮಾಸ್ತರರು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರು ಊರಿನ ಸಂಗೀತ ಮಂಡಳಿಯ ಅಧ್ಯಕ್ಷರು. ಹೊಸ ಸಭಾಗೃಹ ಕಟ್ಟಿ ಮುಗಿದಿತ್ತು. ಅದಕ್ಕೆ ರಾಚಪ್ಪನ ಹೆಸರು ಇಡುವುದು, ಆ ದಿನ ಅವನ ಹಾಡು ಎಂದು ಊರು ತೀರ್ಮಾನಿಸಿತ್ತು. ಹೊರಗಿನ ಊರುಗಳಿಂದ ದೊಡ್ಡವರು ಬರುವವರಿದ್ದರು. ಅವರ ಮುಂದೆ ಮೊದಲು ಬರುವುದು ಅವ್ವನ ಮೇಲಿನ ಹಾಡಾಗಬಾರದು, ಅದಕ್ಕೇ ಅವ್ವ ಕೂತು ಕೇಳಿ ‘ಹೋಗು’ ಅನ್ನಬೇಕಿತ್ತು.

‘ನೀಲವ್ವತಾಯಿ, ಅವ ಆಗ ಸಣ್ಣಾಂವ. ತಪ್ಪು ಮಾಡ್ಯಾನ, ಯಾರು ಇಲ್ಲ ಅಂತಾರ? ಇಷ್ಟು ವರ್ಷ ತನ್ನ ಬಾಯಾಗ ತಾನ ಶಿಕ್ಷಾ ಹೊತ್ತಾನ,’ ಎಂದರು ಮಾಸ್ತರರು.

ಅವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ‘ಅಂವ ಯಾಕ ಬರಲಿಲ್ಲ?’

‘ನಾಚಿಗಿ, ತಾಯಿ. ನಿಮ್ಮ ಮುಖ ನೋಡೂ ಧೈರ್ಯ ಇಲ್ಲ ಅಂತಾನ.’

‘ಆವತ್ತ ನೋಡಿದ್ನಲ್ಲ, ಚಂದಂಗ.’

ಮಾಸ್ತರರು ಬಾಳೆಹಣ್ಣನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿಸಿದರು. ‘ಆ ಕಾಲ ಹಂಗ ಇತ್ತವ್ವ. ಯಾರಿಗೂ ತಿಳುವಳಿಕಿ ಇರಲಿಲ್ಲ. ಆಗಿನ ಕಾಲದಾಗ ಅದು ಚ್ಯಾಷ್ಟಿ ಅಷ್ಟ.’

‘ಆ ಕಾಲದಾಗ ನಾನೂ ಇದ್ದೆ, ಮಾಸ್ತರ,’ ಎಂದಳು ಅವ್ವ. ‘ನನಗ ತಿಳೀತಿತ್ತು.’

ಅವರು ಚಹಾ ಅರ್ಧ ಕುಡಿದು ಎದ್ದುಹೋದರು. ಅವರ ಮಾತು ಕೇಳಿ ನನ್ನ ಮೈ ಉರಿದಿತ್ತು. ಆದರೆ ಅವರ ಚಪ್ಪಲಿ ಸದ್ದು ಓಣಿ ತಿರುಗುತ್ತಿದ್ದ ಹಾಗೇ ಅದೇ ಮಾತನ್ನು ನಾನೇ ಆಡಿದೆ. ಐವತ್ತು ವರ್ಷ ಆಯಿತು, ಮುದುಕನಾಗಿದ್ದಾನೆ, ಒಳ್ಳೆಯ ಕೆಲಸ ಮಾಡಿದ್ದಾನೆ, ನಾವು ದೊಡ್ಡವರಾಗೋಣ ಎಂದೆ. ಅವನಿಗೆ ಬಿಡುಗಡೆಯಾದರೆ ನನಗೂ ಆಗುತ್ತದೆ, ಅವ್ವನಿಗೆ ಏನೂ ಹೇಳದೆಯೇ ಆಗುತ್ತದೆ ಎಂಬುದು ನನ್ನ ಲೆಕ್ಕ. ಕಂಡವರ ಮಕ್ಕಳನ್ನು ಬಾವಿಗೆ ನೂಕಿ ಆಳ ನೋಡುವವರ ಕಥೆ ಕೇಳಿದ್ದೆ. ನಾನು ಹೆತ್ತವ್ವನನ್ನೇ ನೂಕುತ್ತಿದ್ದೆ.

‘ನಿನಗ್ಯಾಕ ಇಷ್ಟು ಅವಸರ, ದಾಕ್ಷಿ?’ ಎಂದಳು ಅವ್ವ.

‘ನನಗೇನು ಅವಸರ? ನಿನ್ನ ಮನಸಿನ ಭಾರ ಇಳೀಲಿ ಅಂತ.’

ಅವ್ವ ಹಲ್ಲಿನಿಂದ ದಾರ ಕಡಿದು ಹೇಳಿದಳು. ‘ಆತು, ಬರ್ತೀನಿ ಅಂತ ಹೇಳು. ಆದ್ರ ತಬಲಾ ಬ್ಯಾಡ. ಗೊಣಗೂದು ಬ್ಯಾಡ. ಊರ ಮಂದಿ ಒಬ್ಬರೂ ಚಹಾಕ್ಕ ಹೊರಗ ಹೋಗಬಾರದು, ಎಲಿ ಹಾಕಬಾರದು. ನಾ ಒಬ್ಬಾಕಿನ ಯಾಕ ಕೇಳಬೇಕು? ಎಲ್ಲಾರೂ ಕೇಳ್ರಿ.’

ಅದಕ್ಕೆ ಊರು ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ಮೆಚ್ಚಿತು. ದೊಡ್ಡವರು ಬರುವ ದಿನಕ್ಕೆ ಎಂಟು ದಿನ ಮೊದಲು, ಒಂದು ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ, ಹೊಸ ಸಭಾಗೃಹದಲ್ಲಿ ಊರಿಗೆ ಊರೇ ಕೂಡಿತು. ಅವ್ವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಾನು ಪಕ್ಕದಲ್ಲಿ ಕೂತೆ. ಅವ್ವ ಪೆಟ್ಟಿಗೆಯ ತಳದಿಂದ ಹಳೆಯ ಇಳಕಲ್ಲ ಸೀರೆ ತೆಗೆದು ಉಟ್ಟಿದ್ದಳು, ಎರಡೂ ಕೈಗೆ ಹಸಿರು ಬಳೆ ತಾನೇ ಏರಿಸಿಕೊಂಡಿದ್ದಳು. ಎಪ್ಪತ್ತನಾಲ್ಕರ ವಯಸ್ಸಿಗೆ ಆಕೆಯ ಮೈಯೆಲ್ಲ ಒಂದೇ ಬಣ್ಣಕ್ಕೆ ತಿರುಗಿತ್ತು. ಕಪ್ಪು ಉಳಿದದ್ದು ಎಡಗಿವಿಯ ಕೆಳಗೆ, ಒಂದು ಬೆರಳಿನಷ್ಟು. ಚಹಾದವನನ್ನೂ ಒಳಗೆ ಕೂಡಿಸಿ ಬಾಗಿಲು ಹಾಕಿದರು. ಇಮಾಮಸಾಬ ತಬಲಾ ಮನೆಯಲ್ಲೇ ಬಿಟ್ಟು ಬಂದಿದ್ದ. ಕೈ ಎಲ್ಲಿಡಬೇಕು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ರಾಚಪ್ಪ ವೇದಿಕೆಯ ಮೇಲಿಂದ ಇಳಿದು ಬಂದು ಅವ್ವನ ಎದುರು ಚಾಪೆಯ ಮೇಲೆ ಕೂತ. ಬಿಳಿ ಗಡ್ಡ, ಬಡಕಲು ಮೈ. ಕೈ ಮುಗಿದ. ಅದು ನಾಟಕ ಅಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

‘ಅಕ್ಕಾ, ನನ್ನ ಬಾಯಿಗಿ ಹುಳ ಬೀಳಬೇಕಿತ್ತು ಆವತ್ತ,’ ಎಂದ.

‘ಹಾಡಪ್ಪ,’ ಎಂದಳು ಅವ್ವ.

ಅವನು ಕಣ್ಣು ಮುಚ್ಚಿ ಹಾಡಿದ. ಮೊದಲ ಸಾಲು ನಡುಗುತ್ತಾ ಬಂತು. ಊರೆಲ್ಲ ನೆಲ ನೋಡುತ್ತಾ ಕೂತಿತ್ತು. ಎರಡನೆಯ ಸಾಲಿಗೆ ಗಂಟಲು ಬಿಟ್ಟಿತು. ನಲವತ್ತು ವರ್ಷ ಬಾಯೊಳಗೇ ಅದುಮಿಟ್ಟಿದ್ದನ್ನು ಈಗ ಪೂರ್ತಿ ದನಿಯಲ್ಲಿ ಹಾಡುತ್ತಿದ್ದ, ಆ ದನಿ ನಲವತ್ತು ವರ್ಷದಲ್ಲಿ ಬೆಳೆದ ದನಿ. ಏನು ಹೇಳಲಿ, ಹಾಡು ಚೆನ್ನಾಗಿತ್ತು. ಆ ಹಾಳು ಹಾಡು ಚೆನ್ನಾಗಿಯೇ ಇತ್ತು! ಮಟ್ಟು ಕುಣಿಯುವಂಥದ್ದು. ‘ಕೈಯ ನೀಡಬ್ಯಾಡ ತಂಗಿ’ ಬಂದಾಗ ಹಿಂದಿನ ಸಾಲಿನಲ್ಲಿ ಯಾರದೋ ಕಾಲು ನೆಲಕ್ಕೆ ತಾಳ ಹಾಕಿತು. ಇಮಾಮಸಾಬನ ಕೈ ತೊಡೆಯ ಕೆಳಗಿಂದ ಹೊರಗೆ ಬಂತು. ಎರಡನೆಯ ನುಡಿಯಲ್ಲಿ ಒಂದು ಕಡೆ, ಆ ಜಾಗ ಯಾವುದೆಂದು ನಾನು ಹೇಳುವುದಿಲ್ಲ, ಯಾರೋ ಒಬ್ಬರು ಮೂಗಿನಲ್ಲಿ ಪುಸಕ್ಕೆಂದರು. ಪಕ್ಕದವರು ಶ್ ಎಂದರು. ಶ್ ಎಂದವರೇ ಆಮೇಲೆ ನಕ್ಕರು. ಕಾಳ್ಗಿಚ್ಚು ಹುಲ್ಲಿಗೆ ಹತ್ತಿದ ಹಾಗೆ ಸಾಲಿನಿಂದ ಸಾಲಿಗೆ ನಗು ಹತ್ತಿತು. ತಡೆದುಕೊಳ್ಳುತ್ತಿದ್ದರು, ಪಾಪ. ಬಾಯಿಗೆ ಟವೆಲು ತುರುಕಿಕೊಳ್ಳುತ್ತಿದ್ದರು. ಆದರೂ ನಗುತ್ತಿದ್ದರು. ಮೂರನೆಯ ನುಡಿಗೆ ಸಭಾಗೃಹವೇ ಗೊಳ್ಳೆಂದಿತು.

ಆಗ ರಾಚಪ್ಪ ಕಣ್ಣು ತೆರೆದ. ಅವನ ಬೆನ್ನು ನೆಟ್ಟಗಾಯಿತು. ಮುಖಕ್ಕೆ ಒಂದು ಕಳೆ ಬಂತು. ಕೇಳುವ ಜನ ಕೈಗೆ ಸಿಕ್ಕರು ಎಂದು ಗೊತ್ತಾದಾಗ ಹಾಡುಗಾರರಿಗೆ ಬರುವ ಕಳೆ ಅದು. ಮತ್ತೆ ‘ಕೈಯ ನೀಡಬ್ಯಾಡ’ಕ್ಕೆ ಬಂದಾಗ, ಅಲ್ಲಿ ಐವತ್ತು ವರ್ಷದಿಂದ ಇಲ್ಲದ ಒಂದು ಹೊಸ ತಾನ ಸೇರಿಸಿ, ಸುತ್ತಿಸಿ ಸುತ್ತಿಸಿ, ಮೆತ್ತಗೆ ತಂದು ಇಳಿಸಿದ. ಬೇಕೆಂದು ಮಾಡಿದ್ದಲ್ಲ. ಅವನ ಗಂಟಲೇ ಹಾಗೆ. ಮುಗಿದ ಕ್ಷಣಕ್ಕೆ ಏನು ಮಾಡಿದೆನೆಂದು ಅವನಿಗೆ ತಿಳಿಯಿತು, ಮುಖ ಬೂದಿಯಾಯಿತು. ಆದರೆ ಹಾಡು ನಿಲ್ಲಿಸುವಂತಿರಲಿಲ್ಲ.

ನಾನು ಅವ್ವನ ಕಡೆ ತಿರುಗಿದೆ. ಆಕೆ ರಾಚಪ್ಪನನ್ನು ನೋಡುತ್ತಿರಲಿಲ್ಲ. ನನ್ನ ಬಾಯಿ ನೋಡುತ್ತಿದ್ದಳು. ನನ್ನ ತುಟಿ ಅವನ ಜೊತೆ ಜೊತೆಗೇ, ಸದ್ದಿಲ್ಲದೆ, ಒಂದಕ್ಷರ ತಪ್ಪದೆ ಅಲುಗುತ್ತಿತ್ತು.

ಹಾಡು ಮುಗಿಯಿತು. ನಗು ನಾಚಿಕೊಂಡು ತಣ್ಣಗಾಯಿತು. ಅವ್ವ ಎದ್ದು ನಿಂತಳು.

‘ಕೇಳೀನಿ,’ ಎಂದಳು.

ಎಲ್ಲರೂ ಉಳಿದ ಮಾತಿಗೆ ಕಾದರು. ರಾಚಪ್ಪ ಮುಗಿದ ಕೈ ಎತ್ತಿ ಹಣೆಗೆ ಹಚ್ಚಿಕೊಂಡು ಕಾದ. ನಾನೂ ಕಾದೆ.

‘ಹೋಗು ಅನ್ನು ತಾಯಿ. ಒಂದ ಮಾತು,’ ಎಂದು ಪರಸಪ್ಪ ಮಾಸ್ತರರು ಮುಂದೆ ಬಂದರು.

‘ಹೋಗು ಅಂದ್ರ ಎಲ್ಲಿಗಿ ಹೋಗತೈತಿ, ಮಾಸ್ತರ? ನಿಮ್ಮೆಲ್ಲಾರ ಬಾಯಾಗ ಬೆಚ್ಚಗ ಕುಂತೈತಿ.’ ಆಮೇಲೆ ಅವ್ವ ರಾಚಪ್ಪನ ಕಡೆ ಬಾಗಿ, ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದಳು: ‘ಚಲೋ ಹಾಡಿದಿ, ರಾಚಪ್ಪ. ಆವತ್ತಿಗಿಂತ ಚಲೋ ಹಾಡಿದಿ.’

ಅವನು ಚಾಪೆಯ ಮೇಲೆ ಹಣೆ ಇಟ್ಟುಬಿಟ್ಟ. ಯಾರೋ ನೀರು ತರಲು ಓಡಿದರು. ನಾವು ಬಾಗಿಲ ಕಡೆ ನಡೆದಾಗ ಜನ ಅವ್ವನಿಗೆ ತಾಗದ ಹಾಗೆ ದಾರಿ ಬಿಟ್ಟರು. ಒಳಗೆ ಬರುವಾಗ ‘ನೀಲವ್ವತಾಯಿ’ ಎಂದಿದ್ದವರೇ ‘ಮುದುಕಿಗಿ ಎಷ್ಟು ಸೊಕ್ಕು ನೋಡು’ ಎಂದದ್ದು ಬೆನ್ನಿಗೆ ಕೇಳಿಸಿತು. ಊರಿಗೆ ಕ್ಷಮೆ ಬೇಕಿತ್ತು. ಅದೂ ಚಹಾ ಆರುವುದರೊಳಗೆ ಬೇಕಿತ್ತು.

ಮನೆಗೆ ಬಂದು, ತಾಟಿಗೆ ರೊಟ್ಟಿ ಹಾಕಿ, ಅದನ್ನು ಆಕೆಯ ಮುಂದೆ ಕುಕ್ಕಿದೆ.

‘ಎರಡಕ್ಷರ ಅಂದಿದ್ರ ನಿನ್ನ ಗಂಟು ಏನು ಹೋಗ್ತಿತ್ತು?’ ಎಂದೆ. ‘ಊರ ಮಂದಿ ನಕ್ಕರ ಅವನೇನು ಮಾಡ್ಯಾನು? ಮುದುಕ ಅದಾನ, ನಾಳೆ ಸಾಯ್ತಾನ!’

‘ಸಾಯಲಿ. ನಾನೂ ಸಾಯ್ತೀನಿ.’ ಅವ್ವ ರೊಟ್ಟಿ ಮುರಿದಳು. ‘ನೀ ಅವನ ಸಲುವಾಗಿ ಅಳಾಕತ್ತಿಯೇನು?’

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ‘ನನ್ನ ಸಲುವಾಗಿ,’ ಎಂದೆ. ‘ನನಗ ಒಂದು ಹಾಡು ಬೇಕಿತ್ತವ್ವ. ಒಂದ ಒಂದು. ಕಸ್ತೂರಿ ಕೂಸಿಗಿ.’

ಅವ್ವ ತಾಟು ಸರಿಸಿ ಕೈ ತೊಳೆದುಕೊಂಡಳು. ಆಕೆಯ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

‘ಒಂದನೇ ಇಯತ್ತೆ. ಶಾಲಿ ಅಂಗಳದಾಗ, ಬೇವಿನ ಗಿಡದ ಬುಡಕ ನಿಂತು ಹಾಡಿದಿ. ಕೈ ಹಿಂಗ ಬೀಸಿದಿ,’ ಎಂದು ಅವ್ವ ಬೀಸಿ ತೋರಿಸಿದಳು. ‘ನಾ ಕೌದಿ ಕೊಡಾಕ ಹೊಂಟಿದ್ದೆ. ಕಂಪೌಂಡ ಹಿಂದ ನಿಂತು ಪೂರ್ತಿ ಕೇಳಿದೆ.’

‘ಗೊತ್ತಿದ್ದೂ ಯಾಕ ಹೇಳಲಿಲ್ಲವ್ವ?’

‘ಎದರಿಗಿ ಕುಂತು ಕೇಳಬೇಕಲ್ಲ. ಕದ್ದು ಕೇಳಿದ್ದು ಲೆಕ್ಕಕ್ಕ ಬರೂದಿಲ್ಲ. ಇವತ್ತ ಬರ್ತಾಳ, ನಾಳೆ ಬರ್ತಾಳ ಅಂತ ಕಾದೆ. ನೀ ನನಗ ಅಂಜಿ ಅಂಜಿ ಮೂಕಿ ಆದಿ. ತೊಟ್ಟಲದ ಮುಂದ ಎಣಸಾಕತ್ತಾಗೂ ಕಾದೆ.’ ಆಕೆಯ ದನಿ ಒಮ್ಮೆಲೇ ಏರಿತು. ‘ಅವಗ ಹೋಗು ಅಂದು ನಿನ್ನ ಬಿಡಸ್ಕೊಂಡಿದ್ರ ನನಗ ಸಮಾಧಾನ ಆಗ್ತಿತ್ತೇನು? ಅವನ ಬಾಲಾ ಹಿಡಕೊಂಡು ಪಾರಾಗಾಕ ನೋಡಿದೆಲ್ಲ! ಕುಂಡ್ರು ಇಲ್ಲಿ. ಹಾಡು.’

ಬಿಸಿಲು ಕಿಟಕಿಯಿಂದ ನೆಲದ ಮೇಲಿನ ಕೌದಿಗೆ ಬಿದ್ದಿತ್ತು. ಆಕೆಯ ಎದುರು ಕೂತೆ. ಆಗಲ್ಲವ್ವ ಎಂದೆ. ಆಗತೈತಿ ಎಂದಳು. ಮುಖ ತಿರುಗಿಸಿದರೆ ಗದ್ದ ಹಿಡಿದು ತನ್ನ ಕಡೆ ತಿರುಗಿಸಿದಳು. ನಲವತ್ತಮೂರು ವರ್ಷದ ಮೇಲೆ ನನ್ನ ಗಂಟಲಿನಿಂದ ರಾಗವೊಂದು ಹೊರಗೆ ಬಂತು. ತುಕ್ಕು ಹಿಡಿದ ಕೀಲಿನ ಸದ್ದು. ಅರ್ಧ ಗೋಡೆಗೆ ಸುಣ್ಣ ಬಳಿದದ್ದನ್ನು ಅವ್ವನ ಮುಖ ನೋಡುತ್ತಾ ಹಾಡಿದೆ. ತೊಗಲು ಸುಲಿಯುವುದನ್ನು ಹಾಡಿದೆ. ಮಿಕ್ಕ ಮೂರು ನುಡಿಯನ್ನೂ ಹಾಡಿದೆ. ನಡುವೆ ಎರಡು ಸಲ ಅಳು ಬಂದು ನಿಂತುಹೋದೆ. ಎರಡೂ ಸಲ ಅವ್ವ ಮೊದಲಿನಿಂದ ಎಂದಳು. ಆಕೆ ಅಳಲಿಲ್ಲ. ನೋವಾದಾಗ ಮಾತ್ರ ಕಣ್ಣು ಕಿರಿದು ಮಾಡುತ್ತಿದ್ದಳು, ಮಸಿ ಹಿಡಿದ ಪಾತ್ರೆ ಉಜ್ಜುವವರ ಹಾಗೆ.

ಕೊನೆಯ ಸಾಲು ಮುಗಿಯಿತು.

‘ಕೇಳೀನಿ,’ ಎಂದಳು ಅವ್ವ. ‘ಹೋಗು.’

ಏನೂ ಆಗಲಿಲ್ಲ. ಗುಡುಗಲಿಲ್ಲ, ಮಿಂಚಲಿಲ್ಲ. ಗಂಟಲಲ್ಲಿ ಒಂದು ಖಾಲಿ ಜಾಗ ಆಯಿತು, ಹಲ್ಲು ಕಿತ್ತ ಮೇಲೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

‘ಈಗ ಹಾಡು, ನಿನಗ ಬೇಕಾದ್ದು. ಕೂಸಿಗಿ ಯಾವುದು ಹಾಡ್ತಿದ್ದಿ?’ ಎಂದು ಕೌದಿಯ ಮೇಲೆ ಒರಗಿಕೊಂಡಳು.

ಯಾವುದು ಹಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೂರರವರೆಗೆ ಎಣಿಸುವಾಗ ಪ್ರತಿ ಅಂಕಿಯ ಹಿಂದೆ ನನ್ನ ಮನಸ್ಸು ಒಂದೇ ಜೋಗುಳವನ್ನು ಹಾಡುತ್ತಿತ್ತು. ಬೇರೆ ಜೋಗುಳಕ್ಕಾಗಿ ತಡಕಾಡಿದೆ. ಆಣೆ ಮಾಡಿ ಹೇಳುತ್ತೇನೆ, ಆ ಹೊತ್ತಿನಲ್ಲಿ ಇಡೀ ಜೀವಮಾನವನ್ನೇ ತಡಕಾಡಿದೆ. ನಮ್ಮೂರಿನಲ್ಲಿ ಎದೆಗೆ ಹತ್ತುವ ಹಾಡು ಯಾವುದಿದ್ದರೂ ಅದು ರಾಚಪ್ಪನದೇ. ಬಾಯಿ ತೆರೆದೆ, ಅದೇ ಬಂತು.

‘ಕೈ ಸೋತರ ಗಾಳಿ ತೂಗಲಿ, ಗಾಳಿ ಸೋತರ ನಿದ್ದಿ ತೂಗಲಿ. ಯಾರ ಕೈಯಾದರೇನ ಕಂದಾ, ಹಿಡಿದ ಕೈ ನಮ್ಮದ.’

ಅವ್ವ ಕಣ್ಣು ಮುಚ್ಚಿಕೊಂಡಳು. ಕೈಯನ್ನು ಮುಂದೆ ಚಾಚಿದಳು. ನಾನು ಅದನ್ನು ಹಿಡಿದುಕೊಂಡೆ. ಹಸಿರು ಬಳೆ ನನ್ನ ಕೈಗೆ ತಣ್ಣಗೆ ತಾಗಿದವು. ಮುಚ್ಚಿದ ರೆಪ್ಪೆಯ ಸಂದಿನಿಂದ ನೀರು ಇಳಿಯಿತು. ಬೆಳಿಗ್ಗೆಯಿಂದ ಬಂದಿರದ ನೀರು.

‘ಭಾಳ ಚಲೋ ಐತಿ,’ ಎಂದಳು. ‘ಯಾರು ಕಟ್ಯಾರ ಇದನ್ನ?’

‘ಗೊತ್ತಿಲ್ಲವ್ವ,’ ಎಂದೆ. ‘ಯಾರೋ ಹಳೇ ಕಾಲದವರು.’

‘ಯಾರಾರ ಇರಲಿ,’ ಎಂದಳು ಅವ್ವ, ‘ಒಳ್ಳೆ ಮನಷ್ಯಾ ಇರಬೇಕು. ಮುಂದಿಂದು ಹಾಡು.’

ಹಾಡಿದೆ.